ಹತ್ತರಲ್ಲಿ ಐದು ಸಲ ಕುಣಿಯುವ ಹೆಬ್ಬೆರಳು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಆರೋಗ್ಯ ಪುರವಣಿಯಲ್ಲಿ, ಲಕ್ವ ಹೊಡೆದವರಿಗೆ ಕೊಡುವ ಅಯಸ್ಕಾಂತ ಚಿಕಿತ್ಸೆಯ ಬಗ್ಗೆ (ಡಾಕ್ಟರುಗಳು ಟಿಎಂಎಸ್ ಎನ್ನುವ ಇದರಲ್ಲಿ ತಲೆಗೆ ಸುರುಳಿ ಹಿಡಿದು ಕಾಂತಶಕ್ತಿಯ ಚುಟುಕು ಬಡಿತ, ಅಂದರೆ ಪಲ್ಸ್, ಕೊಡುತ್ತಾರೆ) ಅರ್ಧ ಪುಟದ ಲೇಖನ ಹಾಕಿದ್ದೀರಿ. ಅದರಲ್ಲಿ ಒಂದು ವಾಕ್ಯಕ್ಕೆ ದಪ್ಪಕ್ಷರ ಬೇರೆ: ‘ವೇಗವಾಗಿ ಕೊಟ್ಟರೆ ಮೆದುಳಿನ ಸ್ವಿಚ್ ಆನ್, ನಿಧಾನವಾಗಿ ಕೊಟ್ಟರೆ ಆಫ್.’ ನನ್ನ ತಮ್ಮನ ಹೆಂಡತಿ ಆ ವಾಕ್ಯದ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಳು. ಕೆಳಗೆ ಒಂದೇ ಸಾಲು: ‘ಭಾವ, ಹಾಗಾದ್ರೆ ನಮ್ಮನೆಯವ್ರಿಗೆ ಯಾಕೆ ಆನ್ ಆಗ್ಲಿಲ್ಲ?’ ಫೋನಿನಲ್ಲಿ ಉತ್ತರ ಹೇಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಇದೇ ಪ್ರಶ್ನೆ ಇನ್ನೆಷ್ಟು ಮನೆಗಳಲ್ಲಿ ಎದ್ದಿದೆಯೋ ಅನ್ನಿಸಿ ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿ ಹಾಕುವುದಾದರೆ ಅಂಕಿಗಳನ್ನು ಉಳಿಸಿ ನನ್ನ ಹರಟೆಗೆ ಹಾಕಿ.

ನಾನು ಡಾಕ್ಟರಲ್ಲ. ಕೆಇಬಿ ಸೇರಿ, ಅದು ಕೆಪಿಟಿಸಿಎಲ್ ಆದ ಮೇಲೆ ನಿವೃತ್ತನಾದವನು. ಹೆಚ್ಚಿನ ಸರ್ವಿಸು ಕಳೆದದ್ದು ಸಬ್‌ಸ್ಟೇಷನ್‌ಗಳ ರಿಲೇ ಪರೀಕ್ಷೆಯಲ್ಲಿ. ರಿಲೇ ಅಂದರೆ, ಲೈನಿನಲ್ಲಿ ಕರೆಂಟು ಮಿತಿ ಮೀರಿದಾಗ ಬ್ರೇಕರ್‌ಗೆ ‘ಬೀಳು’ ಎಂದು ಹೇಳುವ ಸಾಧನ. ಅದಕ್ಕೆ ಸ್ವಲ್ಪ ಸ್ವಲ್ಪವೇ ಕರೆಂಟು ಏರಿಸುತ್ತ ಹೋಗಿ, ಯಾವ ಅಂಕಿಗೆ ಅದು ಎಚ್ಚರವಾಗುತ್ತದೆ (ಅದಕ್ಕೆ ಪಿಕಪ್ ಎನ್ನುತ್ತೇವೆ) ಎಂದು ಬರೆದಿಡುವುದೇ ನನ್ನ ಕೆಲಸವಾಗಿತ್ತು. ಹೀಗಾಗಿ ಮೆದುಳಿನ ವೈದ್ಯಕೀಯ ನನಗೆ ದೂರವಾದರೂ, ಸುರುಳಿ, ಕೆಪಾಸಿಟರ್, ಪಲ್ಸ್, ಪಿಕಪ್ ಇವು ಹತ್ತಿರದ ನೆಂಟರು.

ತಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಕಳೆದ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಸುತ್ತಿದ್ದಾಗ, ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕದಲ್ಲೇ ಕುಸಿದ. ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿ ಬಲಗೈ, ಬಲಗಾಲು ಬಿದ್ದವು. ಕಾಲು ಎರಡು ತಿಂಗಳಲ್ಲಿ ಬಂತು. ಮಾತು ಸ್ವಲ್ಪ ತೊದಲುತ್ತದೆ, ಕುಚೇಷ್ಟೆ ಕಡಿಮೆಯಾಗಿಲ್ಲ. ಕೈ ಮಾತ್ರ ಬರಲಿಲ್ಲ. ಐದು ತಿಂಗಳು ಕಳೆದು, ಊರೆಲ್ಲ ಕೊನೆಕೊಯ್ಲು ನಡೆಯುವ ಹೊತ್ತಿಗೆ, ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದವನು ಜಗಲಿಯಲ್ಲಿ ಕುಳಿತು ಸುಲಿಯುವವರ ಲೆಕ್ಕ ಬರೆಸುವವನಾಗಿದ್ದ. ಆಗ ಯಾರೋ ಒಂದು ಕರಪತ್ರ ತಂದುಕೊಟ್ಟರು.

ಆ ಕರಪತ್ರದ ಚಿಕಿತ್ಸಾಲಯದ ಹೆಸರು ಬರೆಯುವುದಿಲ್ಲ. ‘ಹತ್ತು ಸಿಟ್ಟಿಂಗ್, ಕೈ ವಾಪಸ್’ ಎಂದು ಅದರಲ್ಲಿತ್ತು. ಅವರು ಕೇಳಿದ್ದು ಹೆಚ್ಚುಕಡಿಮೆ ಅರ್ಧ ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು. ನಾನೂ ಜೊತೆಗೆ ಹೋಗಿದ್ದೆ. ನಮಗಿಂತ ಮುಂಚಿನ ರೋಗಿ ಕುರ್ಚಿಯಿಂದ ಎದ್ದರು, ತಮ್ಮ ಕುಳಿತ. ಯಂತ್ರದ ಪರದೆಯಲ್ಲಿ ಶೇಕಡ 65 ಎಂದಿತ್ತು. ಹಾಗೇ ಇತ್ತು. ಟೆಕ್ನಿಷಿಯನ್ ಹುಡುಗ ಅದನ್ನು ಮುಟ್ಟದೆಯೇ ಸುರುಳಿಯನ್ನು ತಲೆಗೆ ಹಿಡಿಯಲು ಹೊರಟ. ‘ಇವರಿಗೆ ಎಷ್ಟು ಬೇಕು ಅಂತ ಅಳೆಯಲ್ವೇನಪ್ಪ?’ ಎಂದೆ. ‘ಎಲ್ಲಾರಿಗೂ ಇಷ್ಟೇ ಸರ್’ ಎಂದ. ಒಂದು ಫೀಡರಿನ ಸೆಟ್ಟಿಂಗನ್ನು ಇನ್ನೊಂದು ಫೀಡರಿಗೆ ಹಾಕಿದ್ದಕ್ಕೆ ನಮ್ಮ ಇಲಾಖೆಯಲ್ಲಿ ಮೆಮೊ ಕೊಡುತ್ತಿದ್ದರು. ತಮ್ಮನನ್ನು ಎಬ್ಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮನೆಯವರಿಂದ ಬೈಗುಳ.

ಆಮೇಲೆ ಹೋದದ್ದು ದೊಡ್ಡ ಊರಿನ ಇನ್ನೊಂದು ಆಸ್ಪತ್ರೆಗೆ. ಅಲ್ಲಿನ ಡಾಕ್ಟರ್ ಮೇಡಂ ಮೊದಲ ದಿನ ಚಿಕಿತ್ಸೆಯನ್ನೇ ಕೊಡಲಿಲ್ಲ. ‘ಇವತ್ತು ಅಳತೆ ಮಾತ್ರ’ ಎಂದರು. ನನಗೆ ಅಲ್ಲೇ ಅರ್ಧ ನೆಮ್ಮದಿ.

ಯಂತ್ರದ ಒಳಗುಟ್ಟು ಸರಳ. ಒಂದು ಕೆಪಾಸಿಟರ್‌ನಲ್ಲಿ ಸಾವಿರಾರು ವೋಲ್ಟ್ ತುಂಬಿಸಿ, ಎಂಟರ ಆಕಾರದಲ್ಲಿ ಸುತ್ತಿದ ತಾಮ್ರದ ಸುರುಳಿಗೆ ಒಮ್ಮೆಲೇ ಸುರಿಯುತ್ತಾರೆ. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ಸಾವಿರಾರು ಆಂಪಿಯರ್. ಸುರುಳಿಯ ಬುಡದಲ್ಲಿ ಆ ಕ್ಷಣಕ್ಕೆ ಹುಟ್ಟುವ ಕಾಂತಕ್ಷೇತ್ರ ಒಂದೂವರೆ, ಎರಡು ಟೆಸ್ಲಾ; ಎಂಆರ್‌ಐ ಯಂತ್ರದಲ್ಲಿ ಇರುವಷ್ಟು. ವ್ಯತ್ಯಾಸ ಏನೆಂದರೆ ಎಂಆರ್‌ಐನ ದೊಡ್ಡ ಅಯಸ್ಕಾಂತ ಸುಮ್ಮನೆ ನಿಂತಿರುತ್ತದೆ, ಇದು ಎದ್ದು ಬೀಳುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟದ್ದೇ ಇದು: ಬದಲಾಗುವ ಕಾಂತಕ್ಷೇತ್ರ ಪಕ್ಕದ ವಾಹಕದಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಈ ಸುರುಳಿ, ಸೆಕೆಂಡರಿ ನಮ್ಮ ಮೆದುಳು. ತಲೆಬುರುಡೆ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ, ಕಾಂತಕ್ಷೇತ್ರಕ್ಕೆ ನಿಲ್ಲುವುದಿಲ್ಲ. ಆದರೆ ದೂರ ಹೋದಂತೆ ಅದು ಬೇಗ ಸೊರಗುತ್ತದೆ. ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಅದರ ಕೈ ಸೋಲುತ್ತದೆ. (ಮಣಿಕಟ್ಟಿಗೆ ಅಯಸ್ಕಾಂತದ ಬಳೆ, ಬೆನ್ನಿಗೆ ಅಯಸ್ಕಾಂತದ ಹಾಸಿಗೆ ಮಾರುವವರು ಇದರ ಹೆಸರು ಹೇಳಿಕೊಂಡು ವ್ಯಾಪಾರ ಮಾಡುತ್ತಿದ್ದಾರೆ. ನಿಂತ ಅಯಸ್ಕಾಂತಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಥ ಜಾಹೀರಾತು ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.)

ನಾನು ಯಂತ್ರವನ್ನು ಸುತ್ತಿ ಸುತ್ತಿ ನೋಡುತ್ತಿದ್ದುದನ್ನು ಕಂಡು ಮೇಡಂ ನಕ್ಕರು. ‘ಸರ್, ನಿಮಗೂ ಒಂದು ಪಲ್ಸ್ ನೋಡಬೇಕಾ?’ ಬೇಡ ಅನ್ನುತ್ತೇನೆಯೇ? ಮೊದಲು ಫಾರಂ ತುಂಬಿಸಿದರು: ಎಂದಾದರೂ ಫಿಟ್ಸ್ ಬಂದಿತ್ತೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ತಲೆಯೊಳಗೆ ಕ್ಲಿಪ್ಪು, ಚೂರು, ಏನಾದರೂ ಲೋಹ? ವಾಚು, ಕನ್ನಡಕ ಬಿಚ್ಚಿಸಿದರು. ಕಿವಿಗೆ ಬಿರಡೆ. ಬಲಗೈಯ ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಉಬ್ಬುವ ಮಾಂಸಖಂಡದ ಮೇಲೆ ಎರಡು ತಂತಿ ಅಂಟಿಸಿ, ಸುರುಳಿಯನ್ನು ತಲೆಯ ಎಡಭಾಗಕ್ಕೆ, ಕಿವಿಯಿಂದ ಒಂದು ಗೇಣಿಗಿಂತ ಕಡಿಮೆ ಮೇಲಕ್ಕೆ, ಓರೆಯಾಗಿ ಹಿಡಿದರು. ಟಕ್! ಹಳೆಯ ಕಾಂಟ್ಯಾಕ್ಟರ್ ಕೂತ ಹಾಗೆ ಸದ್ದು. ಏನೂ ಆಗಲಿಲ್ಲ. ಸುರುಳಿಯನ್ನು ಅರ್ಧ ಇಂಚು ಸರಿಸಿದರು. ಟಕ್. ನನ್ನ ಬೆರಳು ನನ್ನನ್ನು ಕೇಳದೆ ಕುಣಿಯಿತು.

ಎಪ್ಪತ್ತು ವರ್ಷ ನನ್ನ ಮಾತು ಕೇಳಿದ ಬೆರಳು ಸ್ವಾಮಿ. ಮೈ ಜುಂ ಎಂದಿತು. ನೋವೇನಿಲ್ಲ, ನೆತ್ತಿಯ ಮೇಲೆ ಯಾರೋ ಚಿಟಿಕೆ ಹೊಡೆದ ಹಾಗೆ ಅಷ್ಟೆ.

ಮೆದುಳಿನ ನಡುನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿ ಇದೆ. ಕೈಕಾಲು, ಮುಖ, ನಾಲಿಗೆಗಳನ್ನು ಆಡಿಸುವ ಆಜ್ಞೆ ಹೊರಡುವುದು ಅಲ್ಲಿಂದ. ಅದಕ್ಕೆ ಮೋಟಾರ್ ಕಾರ್ಟೆಕ್ಸ್ ಎನ್ನುತ್ತಾರೆ. (ಮೇಡಂ ಹೀಗೆಂದಾಗ ತಮ್ಮ ತೊದಲುತ್ತಲೇ ‘ಎಷ್ಟು ಎಚ್‌ಪಿ?’ ಎಂದ.) ಅಲ್ಲಿಂದ ಹೊರಟ ಸಂದೇಶ ದಾರಿಯಲ್ಲಿ ಎಡಬಲ ದಾಟಿ, ಬೆನ್ನುಹುರಿ ಇಳಿದು, ಬೆರಳಿನ ಸ್ನಾಯು ಮುಟ್ಟುತ್ತದೆ. ಪರದೆಯ ಮೇಲೆ ಅದರ ಗೆರೆ ಬಿತ್ತು. ಪಲ್ಸ್ ಕೊಟ್ಟ ಗಳಿಗೆಯಿಂದ ಸ್ನಾಯುವಿನ ಅಲೆ ಏಳುವವರೆಗೆ ಹೆಚ್ಚುಕಡಿಮೆ 20 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಗ್ರಿಡ್ಡಿನ ಭಾಷೆಯಲ್ಲಿ ಸರಿಯಾಗಿ ಒಂದು ಸೈಕಲ್. ಒಳ್ಳೆಯ ರಿಲೇಯಷ್ಟೇ ಚುರುಕು ಎಂದು ಹಿಗ್ಗಿದೆ. ಆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಮೇಡಂ ಅದೇ ಜಾಗಕ್ಕೆ, ಅದೇ ಅಂಕಿಗೆ ಇಟ್ಟು, ಆರೇಳು ಸೆಕೆಂಡಿಗೊಂದರಂತೆ ಹತ್ತು ಪಲ್ಸ್ ಕೊಟ್ಟರು. ಒಂದು ಸಲ ಅಲೆ ಗುಡ್ಡದಷ್ಟು, ಮರುಸಲ ಹುತ್ತದಷ್ಟು, ಮತ್ತೊಂದು ಸಲ ಏನೂ ಇಲ್ಲ. ಯಂತ್ರದ್ದೇ ತಪ್ಪಿರಬೇಕು ಎಂದುಕೊಂಡೆ. ಯಂತ್ರದ್ದಲ್ಲವಂತೆ. ಮೋಟಾರ್ ಕಾರ್ಟೆಕ್ಸ್ ಇರುವುದೇ ಹಾಗೆ. ಆದ್ದರಿಂದ ಒಬ್ಬೊಬ್ಬರ ‘ಹೊಸ್ತಿಲು’ ಅಳೆಯಲು ಅವರು ಇಟ್ಟುಕೊಂಡಿರುವ ನಿಯಮ ಇದು: ಕೈ ವಿಶ್ರಾಂತಿಯಲ್ಲಿರುವಾಗ, ಹತ್ತು ಪಲ್ಸ್‌ಗಳಲ್ಲಿ ಕನಿಷ್ಠ ಐದಕ್ಕೆ 50 ಮೈಕ್ರೋವೋಲ್ಟ್ ಮುಟ್ಟುವ ಅಲೆ ಎಬ್ಬಿಸುವ ಅತಿ ಕಡಿಮೆ ಬಲ. ಹತ್ತರಲ್ಲಿ ಐದು! ಹತ್ತು ಸಲದಲ್ಲಿ ಐದು ಸಲ ಏಳುವ ರಿಲೇಯನ್ನು ನಾನು ಗುಜರಿಗೆ ಹಾಕಿಸಿದ್ದೇನೆ. ಇಲ್ಲಿ ಅದೇ ಪ್ರಮಾಣಪತ್ರ.

ನನ್ನದು ಯಂತ್ರದ ಪೂರ್ಣ ಶಕ್ತಿಯ ಶೇ 46ಕ್ಕೆ ಸಿಕ್ಕಿತು. ತಮ್ಮನ ಆರೋಗ್ಯವಂತ ಬಲ ಮೆದುಳಿನದು ಶೇ 54. ಪೆಟ್ಟು ಬಿದ್ದ ಎಡಗಡೆಯದು ಶೇ 80 ದಾಟಿದ ಮೇಲೆ ಎಲ್ಲೋ ಒಂದೆರಡು ಸಣ್ಣ ಅಲೆ. ಆ ಸಣ್ಣ ಅಲೆ ಕಂಡಾಗ ಮೇಡಂ ಮುಖ ಅರಳಿತು: ‘ದಾರಿ ಪೂರ್ತಿ ಕಡಿದಿಲ್ಲ.’ ಇದು ಲೇಖನದಲ್ಲಿ ಬರಲೇ ಇಲ್ಲ, ಬರಬೇಕಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್‌ನ ಸಂಶೋಧಕರು ಪಾರ್ಶ್ವವಾಯು ಬಡಿದ ಮೊದಲ ದಿನಗಳಲ್ಲೇ ಭುಜ, ಬೆರಳುಗಳ ಬಲ ನೋಡಿ, ಬಲ ತೀರ ಕಡಿಮೆ ಇದ್ದವರಿಗೆ ಇಂಥದೊಂದು ಪಲ್ಸ್ ಕೊಟ್ಟು ಅಲೆ ಬರುತ್ತದೋ ಇಲ್ಲವೋ ನೋಡಿ, ಮೂರು ತಿಂಗಳ ನಂತರ ಕೈ ಎಷ್ಟರಮಟ್ಟಿಗೆ ಬರಬಹುದು ಎಂದು ಮುಂಚೆಯೇ ಹೇಳುವ ಕ್ರಮ ಮಾಡಿದ್ದಾರೆ. ನಾಲ್ವರಲ್ಲಿ ಮೂವರಿಗೆ ಆ ಅಂದಾಜು ಸರಿಹೋಗುತ್ತದೆ. ಇದೇ ಯಂತ್ರದ ಬಿಡಿ ಪಲ್ಸನ್ನು ಅಳತೆಗೋಲಾಗಿ ಬಳಸಿದಾಗ ಅದು ಕೊಡುವ ಮಾಹಿತಿ ಗಟ್ಟಿ. ಸರಣಿ ಪಲ್ಸ್‌ಗಳನ್ನು ಔಷಧಿಯಾಗಿ ಕೊಟ್ಟಾಗ ಏನಾಗುತ್ತದೆ ಎಂಬುದೇ ಹದ ತಪ್ಪುವ ಜಾಗ. ನಿಮ್ಮ ಲೇಖಕರು ಸ್ವಿಚ್ ಒತ್ತಿದ್ದು ಇಲ್ಲಿ.

ಅವರು ಬರೆದದ್ದು ಶುದ್ಧ ಸುಳ್ಳಲ್ಲ. ಒಂದು ಕಾಲದ ಪಾಠ ಅದು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್ಜಿಗ್ ನಾಯಿಯ ಮೆದುಳಿಗೆ ನೇರ ವಿದ್ಯುತ್ ಮುಟ್ಟಿಸಿ ಎದುರುಬದಿಯ ಕಾಲು ಆಡಿಸಿದ್ದರು. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ತಲೆ ತೆರೆಯದೆ, ಚರ್ಮದ ಮೇಲಿಂದಲೇ ಶಾಕ್ ಕೊಟ್ಟು ಮನುಷ್ಯರ ಕೈ ಆಡಿಸಿದರು. ಕೆಲಸವಾಯಿತು, ಆದರೆ ನೋವು. 1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಸುರುಳಿ ಹಿಡಿದು ಅದನ್ನೇ ನೋವಿಲ್ಲದೆ ಮಾಡಿದರು. ಬೆರಳು ಕುಣಿಸುವುದು ಸುಲಭವಾದ ಮೇಲೆ ಸಹಜವಾಗಿ ಮುಂದಿನ ಪ್ರಶ್ನೆ ಬಂತು: ಬಿಡದೆ ಬಡಿಯುತ್ತಿದ್ದರೆ, ನಿಲ್ಲಿಸಿದ ಮೇಲೂ ಏನಾದರೂ ಉಳಿಯುತ್ತದೆಯೇ?

ಉಳಿಯಿತು. ವೇಗವಾಗಿ, ಸೆಕೆಂಡಿಗೆ ಐದು, ಹತ್ತು, ಇಪ್ಪತ್ತರಂತೆ ಕೊಟ್ಟಾಗ ಮೋಟಾರ್ ಕಾರ್ಟೆಕ್ಸ್ ಕೆರಳುತ್ತದೆ ಎಂದು 1994ರಲ್ಲಿ ಪಾಸ್ಕುವಲ್-ಲಿಯೋನೆ ತಂಡ ತೋರಿಸಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಚೆನ್ ಮತ್ತಿತರರು ನಿಧಾನಗತಿ ಹಿಡಿದರು: ಸೆಕೆಂಡಿಗೆ 0.9ರಂತೆ 15 ನಿಮಿಷ, ಒಟ್ಟು 810 ಪಲ್ಸ್. ಸ್ನಾಯುವಿನ ಅಲೆ ಸರಾಸರಿ ಶೇ 19.5ರಷ್ಟು ತಗ್ಗಿತು, ನಿಲ್ಲಿಸಿದ ಮೇಲೂ ಕನಿಷ್ಠ ಕಾಲು ಗಂಟೆ ತಗ್ಗಿಯೇ ಇತ್ತು. 2005ರಲ್ಲಿ ಲಂಡನ್ನಿನಲ್ಲಿ ಹುವಾಂಗ್ ಮತ್ತು ಸಂಗಡಿಗರು ಇನ್ನೂ ಚುಟುಕು ಮಾಡಿದರು. ಮೂರು ಮೂರು ಪಲ್ಸ್‌ಗಳ ಗೊಂಚಲು, ಸೆಕೆಂಡಿಗೆ ಐದು ಗೊಂಚಲು. ಬಿಡದೆ 40 ಸೆಕೆಂಡಿನಲ್ಲಿ 600 ಪಲ್ಸ್ ಕೊಟ್ಟರೆ ಹೆಚ್ಚುಕಡಿಮೆ ಒಂದು ಗಂಟೆ ಮಂಕು; ಎರಡು ಸೆಕೆಂಡ್ ಕೊಟ್ಟು ಎಂಟು ಸೆಕೆಂಡ್ ಬಿಟ್ಟು ಅದೇ 600 ಕೊಟ್ಟರೆ ಚುರುಕು. ಪಲ್ಸ್ ಎಣಿಕೆ ಒಂದೇ, ನಡುವಿನ ಬಿಡುವು ಬೇರೆಯಾದದ್ದಕ್ಕೆ ಫಲ ತಿರುವುಮುರುವು. ಡೊಳ್ಳಿನ ಪೆಟ್ಟಿನಲ್ಲಿ ಗತಿ ಬದಲಾದರೆ ಕುಣಿತ ಬದಲಾಗುವ ಹಾಗೆ. ಇದಕ್ಕೆ ನರಕೋಶಗಳ ನಡುವಿನ ಕೊಂಡಿಗಳು ಬಿಗಿಯಾಗುವುದು, ಸಡಿಲವಾಗುವುದು ಕಾರಣ ಎನ್ನುತ್ತಾರೆ. ಆ ಕೊಂಡಿಯ ಎನ್‌ಎಂಡಿಎ ಎಂಬ ಬಾಗಿಲನ್ನು ಮೆಮಾಂಟಿನ್ ಮಾತ್ರೆಯಿಂದ ಮುಚ್ಚಿದರೆ ಈ ಗೊಂಚಲು ಪಲ್ಸ್‌ಗಳ ಫಲ ಮಾಯವಾಗುವುದನ್ನೂ ಅದೇ ಗುಂಪು 2007ರಲ್ಲಿ ತೋರಿಸಿತು. ನೋಡಿ, ಆನ್–ಆಫ್ ಕಥೆ ಹುಟ್ಟಿದ್ದು ಹೀಗೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ನಂಬುತ್ತಿದ್ದೆ.

ಆದರೆ ಆ ಪ್ರಯೋಗಗಳಲ್ಲಿ ಕುಳಿತವರು ಕೆಲವೇ ಮಂದಿ. 2013ರಲ್ಲಿ ಅದೇ ಲಂಡನ್ನಿನ ಹಮಾಡ ಮತ್ತು ಸಂಗಡಿಗರು ಐವತ್ತಕ್ಕೂ ಹೆಚ್ಚು ಆರೋಗ್ಯವಂತರಿಗೆ ಆ ಗೊಂಚಲು ಪಲ್ಸ್ ಕೊಟ್ಟರು. ಸರಾಸರಿ ತೆಗೆದಾಗ ಮಂಕೂ ಇಲ್ಲ, ಚುರುಕೂ ಇಲ್ಲ. ಫಲವೇ ಇಲ್ಲವೆಂದಲ್ಲ. ಚುರುಕಾಗಬೇಕಾದಲ್ಲಿ ಕೆಲವರು ಚುರುಕಾದರು, ಕೆಲವರು ಮಂಕಾದರು. ಒಂದಕ್ಕೊಂದು ಕಳೆದು ಸೊನ್ನೆ. ಸುರುಳಿಯ ಪಲ್ಸ್ ಯಾವ ಒಳದಾರಿಯ ನರಕೋಶಗಳನ್ನು ಮೊದಲು ತಟ್ಟುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಬೇರೆ, ಆ ಏರುಪೇರಿನಲ್ಲಿ ಅರ್ಧದಷ್ಟನ್ನು ಅದೊಂದೇ ವಿವರಿಸುತ್ತದೆ ಎಂದು ಅವರು ಕಂಡುಕೊಂಡರು. ಉಳಿದರ್ಧಕ್ಕೆ ಸಾಲುಸಾಲು ಕಾರಣಗಳಿವೆ. ಪಲ್ಸ್‌ಗೆ ಮುಂಚೆ ಕೈ ಬಿಗಿಹಿಡಿದಿದ್ದರೇ, ಸಡಿಲ ಬಿಟ್ಟಿದ್ದರೇ. ಮೊದಲು ಮೆದುಳು ಯಾವ ಸ್ಥಿತಿಯಲ್ಲಿತ್ತು. 2004ರ ಒಂದು ಪ್ರಯೋಗ ನನ್ನ ನಿದ್ದೆ ಕೆಡಿಸಿತು: ಮೊದಲು ಹತ್ತು ನಿಮಿಷ ತಲೆಗೆ ಸಣ್ಣ ಡಿಸಿ ಕರೆಂಟು ಹರಿಸಿ, ಆಮೇಲೆ ಸೆಕೆಂಡಿಗೊಂದರಂತೆ ಪಲ್ಸ್ ಕೊಟ್ಟರು. ಡಿಸಿ ಒಂದು ದಿಕ್ಕಿನಲ್ಲಿ ಹರಿದಿದ್ದರೆ ಪಲ್ಸ್ ಮಂಕು ಮಾಡಿತು. ದಿಕ್ಕು ತಿರುಗಿಸಿದ್ದರೆ ಅದೇ ಪಲ್ಸ್ ಚುರುಕು ಮಾಡಿತು. ಕೆರಳಿದ ಮೆದುಳನ್ನು ತಣಿಸಿತು, ತಣಿದದ್ದನ್ನು ಕೆರಳಿಸಿತು. ತನ್ನ ಸಮತೋಲ ತಾನೇ ಕಾಯ್ದುಕೊಳ್ಳುವ ಗೃಹಿಣಿಯ ಹಾಗೆ; ನೀವು ಹೇಳಿದ್ದಕ್ಕೆ ಹೂಂ ಅನ್ನುವ ಸ್ವಿಚ್ಚಿನ ಹಾಗಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜರ್ಮನಿಯ ಟ್ಯೂಬಿಂಗನ್‌ನವರ ಕೆಲಸ, 2018ರದ್ದು. ಮೋಟಾರ್ ಕಾರ್ಟೆಕ್ಸ್ ಮೇಲೆ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಒಂದು ಮೆಲ್ಲಲೆ ಏಳುತ್ತ ಬೀಳುತ್ತ ಇರುತ್ತದೆ. ಅವರು ಮೆದುಳಿನ ವಿದ್ಯುತ್ ಅಲೆಗಳ ಗೆರೆ ತೋರಿಸುವ ಇಇಜಿಯಲ್ಲಿ ಅದನ್ನು ಕಾಯ್ದು, ಅಲೆ ತಗ್ಗಿಗೆ ಬಂದ ಗಳಿಗೆಗೇ ಪಲ್ಸ್ ಕೊಟ್ಟರು. ಸ್ನಾಯುವಿನ ಉತ್ತರ ಹಿಗ್ಗಿತು, ಹಿಗ್ಗಿ ನಿಂತಿತು. ಅಲೆಯ ನೆತ್ತಿಯಲ್ಲಿ ಕೊಟ್ಟ ಅಷ್ಟೇ ಪಲ್ಸ್‌ಗಳಿಗೆ ಆ ಫಲವಿಲ್ಲ. ಜನರೇಟರನ್ನು ಗ್ರಿಡ್ಡಿಗೆ ಕೂಡಿಸುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಎರಡರ ಅಲೆಗಳೂ ಕೂಡಿಬಂದವೇ ಎಂದು ತೋರಿಸುವ ಸಿಂಕ್ರೊಸ್ಕೋಪಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಆಪರೇಟರ್ ಉಸಿರು ಬಿಗಿಹಿಡಿದು ಕಾಯುತ್ತಾನೆ. ಮುಳ್ಳು ನೋಡದೆ ಬ್ರೇಕರ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಶರಾವತಿ ಕಡೆಯ ಹಳಬರು ಹೇಳುತ್ತಾರೆ. ಇಂದು ಬಹುತೇಕ ಚಿಕಿತ್ಸಾಲಯಗಳಲ್ಲಿ ಕೊಡುವ ಪಲ್ಸ್‌ಗಳು ಮುಳ್ಳು ನೋಡದೆ ಹಾಕುವಂಥವು. ಬ್ರೇಕರ್ ಸಿಡಿಯುವುದಿಲ್ಲ, ಪುಣ್ಯ.

ನಮ್ಮಲ್ಲೂ ಈ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಬೇರೆಯವರ ಕೈ ಕೆಲಸ ಮಾಡುವುದನ್ನು ನೋಡುತ್ತ ಕುಳಿತವರ ಮೋಟಾರ್ ಕಾರ್ಟೆಕ್ಸ್ ಎಷ್ಟು ಚುರುಕಾಗುತ್ತದೆ ಎಂದು ಇದೇ ಪಲ್ಸ್‌ಗಳಿಂದ ಅಳೆದು, ಸ್ಕಿಜೋಫ್ರೇನಿಯಾ ಇರುವವರಲ್ಲಿ ಆ ಚುರುಕು ಕಡಿಮೆ ಎಂದು 2014ರಲ್ಲಿ ಪ್ರಕಟಿಸಿದ್ದಾರೆ. ಬರೀ ನೋಡುವುದರಿಂದಲೇ ಅಲೆ ಬದಲಾಗುತ್ತದೆ! ತಮ್ಮ ಜಗಲಿಯಲ್ಲಿ ಕುಳಿತು ಸುಲಿಯುವವರ ಕೈಗಳನ್ನೇ ದಿಟ್ಟಿಸುತ್ತಿದ್ದುದು ನೆನಪಾಯಿತು.

ಈಗ ತಮ್ಮನ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ. ಚಿಕಿತ್ಸೆ ಶುರುವಾದ ದಿನ ಅವಳು ನನ್ನ ತೋಳು ಜಗ್ಗಿ ಪಿಸುಗುಟ್ಟಿದ್ದಳು: ‘ಭಾವ, ಪೆಟ್ಟು ಬಿದ್ದದ್ದು ಎಡಗಡೆ ಅಂದ್ರಲ್ಲ, ಇವ್ರು ಬಲಗಡೆಗೆ ಹಿಡೀತಿದಾರಲ್ಲ?’ ನಿಜ. ಯಂತ್ರ ಆಡಿಸುತ್ತಿದ್ದದ್ದು ತಮ್ಮನ ಒಳ್ಳೆಯ ಕೈಯನ್ನು. ಮೆದುಳಿನ ಎರಡು ಹೋಳುಗಳು ಒಂದನ್ನೊಂದು ಹದ್ದಿನಲ್ಲಿಡುತ್ತವೆ. ಒಂದು ಪಾಲು ಬಿದ್ದಾಗ ಇನ್ನೊಂದರ ದರ್ಬಾರು ಹೆಚ್ಚಿ, ಬಿದ್ದದ್ದನ್ನು ಏಳಗೊಡುವುದಿಲ್ಲ. ಹಾಗಾಗಿ ಬಲಾಢ್ಯನನ್ನು ಸೆಕೆಂಡಿಗೊಂದು ಪಲ್ಸ್‌ನಿಂದ ಸ್ವಲ್ಪ ತಗ್ಗಿಸಿದರೆ ಬಿದ್ದವನು ತಲೆ ಎತ್ತಿಯಾನು ಎಂಬುದು ಲೆಕ್ಕಾಚಾರ. ಪಾಲಾದ ಮನೆಗಳಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ದಿನಕ್ಕೆ 20 ನಿಮಿಷ, 1200 ಪಲ್ಸ್, ಅದು ಮುಗಿದ ಕೂಡಲೇ ಒಂದು ಗಂಟೆ ಫಿಸಿಯೊಥೆರಪಿ. ಒಂದು ಸಲದ ಫಲ ಹೆಚ್ಚು ಹೊತ್ತು ನಿಲ್ಲದ್ದರಿಂದ, ಅದು ಆರುವ ಮುಂಚೆ ಕೈಗೆ ಕೆಲಸ ಕೊಡಬೇಕಂತೆ.

ಲೆಕ್ಕಾಚಾರ ಚೆಂದ. ಅದನ್ನು ದೊಡ್ಡದಾಗಿ ಪರೀಕ್ಷಿಸಿದ್ದು ಅಮೆರಿಕದಲ್ಲಿ, 12 ಕೇಂದ್ರಗಳಲ್ಲಿ, 199 ಜನರ ಮೇಲೆ. 2018ರಲ್ಲಿ ಫಲಿತಾಂಶ ಬಂತು. ಎಲ್ಲರೂ ಪೆಟ್ಟಾಗಿ ಮೂರರಿಂದ ಹನ್ನೆರಡು ತಿಂಗಳಾದವರು, ತಮ್ಮನಂಥವರು. ಒಂದು ಗುಂಪಿಗೆ ನಿಜವಾದ ಸುರುಳಿ, ಇನ್ನೊಂದಕ್ಕೆ ಹುಸಿ ಸುರುಳಿ, ಇಬ್ಬರಿಗೂ ಒಂದೇ ಕೈಕಸರತ್ತು. ಆರು ತಿಂಗಳ ನಂತರ ಗಣನೀಯವಾಗಿ ಸುಧಾರಿಸಿದವರು ನಿಜದ ಗುಂಪಿನಲ್ಲಿ ಶೇ 67, ಹುಸಿ ಗುಂಪಿನಲ್ಲಿ ಶೇ 65. ಅಂತರ ಎರಡು. ಅಂದರೆ ಮೂವರಲ್ಲಿ ಇಬ್ಬರ ಕೈ ಸುಧಾರಿಸಿತು, ಸುರುಳಿ ನಿಜವಿದ್ದರೂ, ಇಲ್ಲದಿದ್ದರೂ. ಈ ಅಂಕಿಯನ್ನು ನಾನು ಎರಡು ಸಲ ಓದಿದೆ. ನಿರಾಶೆಯ ಅಂಕಿಯಂತೆ ಕಾಣುತ್ತದೆ, ಆದರೆ ಕೈಕಸರತ್ತಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಇನ್ನೇನು ಬೇಕು?

ಇನ್ನೊಂದು ಮಗ್ಗುಲೂ ಇದೆ, ಮುಚ್ಚಿಟ್ಟರೆ ನಾನೂ ನಿಮ್ಮ ಲೇಖಕರಂತೆಯೇ ಆಗುತ್ತೇನೆ. 2020ರಲ್ಲಿ ಬಹುತೇಕ ಯುರೋಪಿನ ತಜ್ಞರ ಗುಂಪೊಂದು ಇದ್ದಬದ್ದ ಪ್ರಯೋಗಗಳನ್ನೆಲ್ಲ ತೂಗಿ, ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಆರೋಗ್ಯವಂತ ಬದಿಗೆ ಕೊಡುವ ಈ ನಿಧಾನಗತಿಯ ಪಲ್ಸ್ ಕೈಯ ಚೇತರಿಕೆಗೆ ನೆರವಾಗುತ್ತದೆ ಎಂದು ತನ್ನ ಅತ್ಯುಚ್ಚ ದರ್ಜೆಯನ್ನೇ ಕೊಟ್ಟಿದೆ. ಹಳತಾದ ಲಕ್ವಕ್ಕೆ ಆ ದರ್ಜೆ ಕೊಟ್ಟಿಲ್ಲ. ಹೊತ್ತು ಮುಖ್ಯ. ನಾವು ಹೋದದ್ದು ಐದು ತಿಂಗಳು ತಡವಾಗಿ. ಮೇಡಂ ಇದನ್ನು ಮೊದಲೇ ಹೇಳಿದ್ದರು, ‘ಖಚಿತ ಮಾತು ಕೊಡಲ್ಲ ಸರ್, ಕಸರತ್ತು ಬಿಡಬೇಡಿ’ ಎಂದೂ ಹೇಳಿದ್ದರು. ಹಾಗೆಯೇ, ಖಿನ್ನತೆಗೆ ಇದೇ ಯಂತ್ರವನ್ನು ತಲೆಯ ಮುಂಭಾಗಕ್ಕೆ ಇಟ್ಟು ಕೊಡುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ಬೇರೆ ಜಾಗ, ಬೇರೆ ಕಾಯಿಲೆ. ಅಲ್ಲಿಯ ಒಪ್ಪಿಗೆಯನ್ನು ಇಲ್ಲಿಯ ಕರಪತ್ರಕ್ಕೆ ಅಂಟಿಸಬಾರದು. ತಮಾಷೆ ಎಂದರೆ ಖಿನ್ನತೆಗೆ ಕೊಡುವಾಗಲೂ ಬಲ ಎಷ್ಟಿಡಬೇಕು ಎಂದು ನಿರ್ಧರಿಸುವುದು ಮೊದಲು ಹೆಬ್ಬೆರಳು ಕುಣಿಸಿ ನೋಡಿಯೇ. ಬಲ ಹೊಸ್ತಿಲಿಗಿಂತ ಅತಿಯಾಗಿ, ವೇಗವಾಗಿ, ಬಿಡುವಿಲ್ಲದೆ ಕೊಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಅಪರೂಪ, ಆದರೆ ಇದೆ. 1998ರಿಂದಲೂ ಇದಕ್ಕೆ ಅಂತರರಾಷ್ಟ್ರೀಯ ಮಿತಿಗಳ ಪಟ್ಟಿ ಪ್ರಕಟವಾಗುತ್ತ ಬಂದಿದೆ, ಪರಿಷ್ಕಾರವಾಗುತ್ತಲೂ ಇದೆ. ಆ ಪಟ್ಟಿಯಲ್ಲಿ ಬಲದ ಅಂಕಿಗಳು ರೋಗಿಯ ಸ್ವಂತ ಹೊಸ್ತಿಲಿನ ಮೇಲೆ ನಿಂತಿವೆ. ಹೊಸ್ತಿಲನ್ನೇ ಅಳೆಯದವರಿಗೆ ಪಟ್ಟಿ ಇದ್ದೇನು ಬಂತು? ‘ಎಲ್ಲಾರಿಗೂ ಇಷ್ಟೇ ಸರ್’ ಎಂದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹಾಗೆ ಕಲಿಸಿದವರ ಮೇಲಿದೆ.

ಆದ್ದರಿಂದ ಸಂಪಾದಕರೇ, ಒಂದು ತಿದ್ದುಪಡಿ ಹಾಕಿ. ‘ಸ್ವಿಚ್’ ಎಂಬ ಪದ ತೆಗೆಯಿರಿ. ಅದರ ಜಾಗದಲ್ಲಿ, ಇಂಥ ಚಿಕಿತ್ಸೆಗೆ ಹೋಗುವವರು ಮೊದಲು ಬರೆಸಿಕೊಳ್ಳಬೇಕಾದದ್ದನ್ನು ಅಚ್ಚುಮಾಡಿ: ನನ್ನ ಹೊಸ್ತಿಲು ಎಷ್ಟು, ಅದರ ಶೇಕಡ ಎಷ್ಟರಲ್ಲಿ ಕೊಡುತ್ತೀರಿ, ಯಾವ ಬದಿಗೆ, ಸೆಕೆಂಡಿಗೆ ಎಷ್ಟು, ಒಟ್ಟು ಎಷ್ಟು. ಮತ್ತೆ, ಶುರುವಿಗೆ ಮುಂಚೆ ಕೈ ಏನು ಮಾಡುತ್ತಿತ್ತು, ಮುಗಿದ ಮೇಲೆ ಏನು ಮಾಡುತ್ತದೆ ಎಂದು ಅಳೆದು ಕೊಡುತ್ತೀರಾ. ಯಾವುದೇ ಟ್ರಾನ್ಸ್‌ಫಾರ್ಮರ್‌ಗೆ ಟೆಸ್ಟ್ ರಿಪೋರ್ಟ್ ಇಲ್ಲದೆ ನಾವು ಚಾರ್ಜ್ ಕೊಡುತ್ತಿರಲಿಲ್ಲ. ಮನುಷ್ಯರ ತಲೆಗೆ ಕೇಳಿದರೆ ಅತಿಯಾಯಿತೇ?

ನಮ್ಮ ಮೇಡಂ ಕೊಟ್ಟ ಹಾಳೆ ತಮ್ಮನ ಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ಮೊದಲ ದಿನ: ಒಂದು ನಿಮಿಷದಲ್ಲಿ ಡಬ್ಬಿಯಿಂದ ಡಬ್ಬಿಗೆ ದಾಟಿಸಿದ ಮರದ ತುಂಡು 4. ಹತ್ತನೆಯ ದಿನ: 9. ಮೂರು ತಿಂಗಳು ಬಿಟ್ಟು: 17. ಕಡೆಯ ಈ ಎಂಟು ತುಂಡು ಬಂದದ್ದು ಯಂತ್ರ ಬಿಟ್ಟ ಮೇಲೆ, ತಮ್ಮನ ಹೆಂಡತಿ ದಿನಾ ಸಂಜೆ ಗೋಟಡಿಕೆಯನ್ನು ಎರಡು ಬುಟ್ಟಿಗಳ ನಡುವೆ ಎಣಿಸಿ ಹಾಕಿಸಿದ್ದರಿಂದ. ಮೊದಲ ಐದರಲ್ಲಿ ಸುರುಳಿಯ ಪಾಲೆಷ್ಟು, ಫಿಸಿಯೊದವರ ಪಾಲೆಷ್ಟು ಎಂದು ನಾನು ತಮ್ಮನನ್ನು ಕೇಳಿದೆ. ‘ಮೀಟರು ನಿನ್ನ ಇಲಾಖೆ ಅಣ್ಣ, ನೀನೇ ಹೇಳು’ ಎಂದ. ಅಂಗಿಯ ಗುಂಡಿ ಹಾಕಲು ಇನ್ನೂ ಆಗುವುದಿಲ್ಲ. ಲೋಟ ಹಿಡಿಯುತ್ತಾನೆ. ಮೆಟ್ಟುಗತ್ತಿಯ ಮೇಲೆ ಕೂರಬೇಡ ಎಂದು ಹೇಳಿದ್ದೇವೆ, ನಾವಿಲ್ಲದಾಗ ಕೂರುತ್ತಾನೆ ಎಂಬ ಗುಮಾನಿ ಇದೆ.

ಇಂತಿ ನಿಮ್ಮ ಹಳೆಯ ಓದುಗ,
ನಿವೃತ್ತ ರಿಲೇ ಪರೀಕ್ಷಕ, ಶಿವಮೊಗ್ಗ